ಪುತ್ತೂರು ಸೀಮೆಯ ಬಿಸಿಲು, ತೊರೆ ಮತ್ತು ಕಾಯಕ



ಸರ್ಕಾರಿ ಇಂಜಿನಿಯರಾಗಿ ನಾನು ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳನ್ನು ಹಲವು ವರ್ಷ ಸುತ್ತಿದವನು. ಅಲ್ಲಿನ ಬದುಕು ಅಡಿಕೆಯ ಮೇಲೆ ನಿಂತಿದೆ. ಇಂದು ಸಂಪಾಜೆ, ಅರಂತೋಡು, ತೊಡಿಕಾನದ ಕಡೆ ಹಳದಿ ಎಲೆ ರೋಗ ತೋಟಗಳನ್ನೇ ತಿನ್ನುತ್ತಿದೆ. ಅದಕ್ಕೆ ಮದ್ದಿಲ್ಲ. ಮಕ್ಕಳು ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ. ‘ಸೋಲಾರ್ ಬಂದರೆ ಊರು ಉಳಿದೀತೇ?’ ಎಂದು ಶರಣರೊಬ್ಬರು ಕೇಳಿದರು. ಅದಕ್ಕೇ ಈ ಮಾತು.

ಸೋಲಾರ್ ಎಂದೊಡನೆ ಪಾವಗಡ ನೆನಪಾಗುತ್ತದೆ: 13,000 ಎಕರೆ, 2,050 ಮೆಗಾವಾಟ್. ರೈತರು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಭೂಮಿ ಗುತ್ತಿಗೆಗೆ ಕೊಟ್ಟರು. ಮಳೆ ಕಾಣದ ಬಯಲಿಗೆ ಅದು ಸರಿ. ಪುತ್ತೂರು ಸೀಮೆಯದು 3,500 ಮಿಲಿಮೀಟರ್ ದಾಟುವ ಮಳೆ, ಗುಡ್ಡ, ತುಂಡು ಹಿಡುವಳಿ. ಅಲ್ಲಿ ಪ್ಯಾನೆಲ್ ಹಾಸಿ ಕರೆಂಟು ಮಾರುವ ಲೆಕ್ಕ ಕೂಡಿಬಾರದು. ಸೋಲಾರ್ ಪಂಪಿನಿಂದ ಬಿಲ್ ಉಳಿಯುತ್ತದೆ ಎನ್ನುವವರಿದ್ದಾರೆ. 10 ಎಚ್‌ಪಿವರೆಗಿನ ಕೃಷಿ ಪಂಪಿಗೆ ಕರೆಂಟು ಈಗಲೇ ಉಚಿತ, ಉಳಿಸಲು ಬಿಲ್ಲೆಲ್ಲಿದೆ? ಹಗಲಲ್ಲೇ ನೀರು ಬಿಡಬಹುದು, ವೋಲ್ಟೇಜ್ ಇಳಿದು ಮೋಟಾರು ಸುಡುವುದಿಲ್ಲ. ಲಾಭ ಅಷ್ಟು, ಅದೂ ಸಣ್ಣದಲ್ಲ.

ನನ್ನ ಲೆಕ್ಕದಲ್ಲಿ ದುಡ್ಡಿರುವುದು ಒಣಗಿಸುವುದರಲ್ಲಿ. ಅಂಗಳದಲ್ಲಿ ಹರವಿದ ಅಡಿಕೆ ಒಣಗಲು ಸುಮಾರು 40 ದಿನ ಬೇಕು. ನಡುವೆ ಅಕಾಲ ಮಳೆ ಹೊಡೆಯಿತೋ, ಬೂಷ್ಟು ಹಿಡಿದು, ಒಳ್ಳೆಯ ಚಾಲಿಯಾಗಬೇಕಾದದ್ದು ಪಟೋರ, ಕರಿಗೋಟು ಆಗುತ್ತದೆ. ವರ್ಷದ ಶ್ರಮದ ಬೆಲೆ ಅಲ್ಲೇ ಬಿತ್ತು. ಯುವಿ ಹಾಳೆ ಹೊದಿಸಿದ ಪಾಲಿಹೌಸಿನಲ್ಲಿ ಮಳೆ, ಇಬ್ಬನಿ ತಾಗದು, ಅಡಿಕೆ ಬೇಗ ಒಣಗುತ್ತದೆ. ತೇವ ಹೊರಹೋಗಲು ಮೇಲ್ಗಡೆ ಕಿಂಡಿ ಬಿಡಲೇಬೇಕು. ಬಿಡದೆ ಅಡಿಕೆ ಬೇಯಿಸಿದವರನ್ನೂ ನೋಡಿದ್ದೇನೆ! ಅಡಿಕೆ ಮುಗಿದ ಮೇಲೆ ಅದೇ ಜಾಗದಲ್ಲಿ ಕಾಳುಮೆಣಸು, ಹಲಸಿನ ಸೊಳೆ, ಹುದುಗಿಸಿದ ಕೊಕ್ಕೊ ಬೀಜ ಒಣಗಿಸಬಹುದು. ಕ್ಯಾಂಪ್ಕೊದ ಚಾಕಲೇಟ್ ಕಾರ್ಖಾನೆ 1986ರಿಂದ ಪುತ್ತೂರಿನಲ್ಲೇ ಇದೆ; ಕೊಕ್ಕೊಗೆ ದೂರದ ಗಿರಾಕಿಯನ್ನು ಹುಡುಕಬೇಕಿಲ್ಲ.

ಮಳೆಗಾಲಕ್ಕೆ ತೊರೆಯಿದೆ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ನೀರು ಪೈಪಿನಲ್ಲಿ ಇಳಿದರೆ, ಅರ್ಧ ನಷ್ಟವೆಂದು ಕಳೆದರೂ ಒಂದು ಕಿಲೋವಾಟ್ ಸಿಗುತ್ತದೆ. ಹಗಲು ರಾತ್ರಿ ತಿರುಗಿದರೆ ದಿನಕ್ಕೆ 24 ಯೂನಿಟ್. ಮರ ಬಿದ್ದು ಲೈನು ಹೋಗುವ ಜುಲೈಯಲ್ಲೇ ತೊರೆ ತುಂಬಿರುತ್ತದೆ.

ಇವನ್ನೆಲ್ಲ ಕಟ್ಟುವವರು, ರಿಪೇರಿ ಮಾಡುವವರು ಯಾರು? ಸುಳ್ಯ, ಪುತ್ತೂರು ಎರಡರಲ್ಲೂ ಇಂಜಿನಿಯರಿಂಗ್ ಕಾಲೇಜಿದೆ, ಪಾಲಿಟೆಕ್ನಿಕ್ ಇದೆ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿನ ಮನೆ ಛಾವಣಿಗೆ ಕೇಂದ್ರ 78,000 ರೂಪಾಯಿ ಸಹಾಯಧನ ಕೊಡುತ್ತದೆ. ಆ ಪ್ಯಾನೆಲ್ ಕೂರಿಸುವ ಕೂಲಿಯಾದರೂ ಊರ ಹುಡುಗರ ಕೈಗೆ ಬರಲಿ. ಕಾಯಕವೆಂದು ನಾವು ವೇದಿಕೆಯಲ್ಲಿ ಹೇಳುತ್ತೇವೆ. ಸ್ಪ್ಯಾನರ್ ಹಿಡಿದು ಊರಲ್ಲೇ ಉಳಿದ ಹುಡುಗನಿಗೆ ಹೆಣ್ಣು ಕೊಡುತ್ತೇವೆಯೇ?

ಸಣ್ಣ ರೈತನೊಬ್ಬನಿಗೆ ಪಾಲಿಹೌಸ್ ಭಾರವೇ. ಹಳ್ಳಿಯ ಸಹಕಾರಿ ಸಂಘ ದೊಡ್ಡದೊಂದನ್ನು ಕಟ್ಟಿ ಬಾಡಿಗೆಗೆ ಬಿಡಬಹುದು. ಅದರ ನಕ್ಷೆ ತಂದಿದ್ದೇನೆ. ಪ್ರಸಾದ ಮುಗಿಸಿ ಬನ್ನಿ, ಕೂತು ನೋಡೋಣ.