ಸದುದ್ದೇಶವೂ ಅನಿರೀಕ್ಷಿತ ಫಲವೂ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಮಂಗಲಪ್ರಸಂಗದಲ್ಲಿ ನಾಲ್ಕು ಮಾತುಗಳನ್ನಾಡುವಂತೆ ಶ್ರೀಗಳವರು ಅಪ್ಪಣೆ ಕೊಡಿಸಿದ್ದಾರೆ. ಶಾಸ್ತ್ರವಿಚಾರವನ್ನು ಹೇಳಬಲ್ಲ ಪಂಡಿತರು ಈ ವೇದಿಕೆಯ ಮೇಲೆಯೇ ಇರುವರು. ಆ ಭಾರವನ್ನು ನಾನು ಹೊರಲಾರೆನು. ನಮ್ಮ ಕಾಲದಲ್ಲಿಯೇ ನಡೆದ ಒಂದು ಸಂಗತಿಯನ್ನು ತಮ್ಮ ಮುಂದಿಟ್ಟು, ಅದರಿಂದ ಹೊರಡುವ ಒಂದು ಪ್ರಶ್ನೆಯನ್ನು ವಿಚಾರಿಸುವದಷ್ಟೇ ನನ್ನ ಉದ್ದೇಶವು. ಮನುಷ್ಯನು ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವು ಅವನು ಎಣಿಸದ ಕೇಡನ್ನು ತಂದರೆ, ಅವನ ಹೊಣೆಯು ಎಲ್ಲಿಯ ವರೆಗೆ? ಇದೇ ಆ ಪ್ರಶ್ನೆಯು.

ಸಂಗತಿಯು ರಣಹದ್ದಿನದು. ಮಂಗಲಸಭೆಯಲ್ಲಿ ಈ ಹಕ್ಕಿಯ ಹೆಸರೇತಕ್ಕೆಂದು ಕೆಲವರಿಗೆ ಅನಿಸಬಹುದು. ಹೆಣವನ್ನು ತಿನ್ನುವ, ಬೋಳುಗೊರಳಿನ ಈ ಪಕ್ಷಿಯನ್ನು ನಮ್ಮ ಜನರು ಅಪಶಕುನವೆಂದೇ ಬಗೆಯುತ್ತ ಬಂದಿದ್ದಾರೆ. ಆದರೆ ಅದರ ಕಾಯಕವನ್ನು ನೋಡಿರಿ. ಸತ್ತ ಎತ್ತನ್ನು ಊರ ಹೊರಗೆ ಎಳೆದುಹಾಕಿದರೆ, ಹದ್ದುಗಳ ದೊಡ್ಡ ಹಿಂಡು ಇಳಿದು, ಒಂದು ತಾಸಿನೊಳಗಾಗಿ ಎಲುಬನ್ನುಳಿದು ಮಿಕ್ಕೆಲ್ಲವನ್ನೂ ಮುಗಿಸಿಬಿಡುತ್ತಿದ್ದಿತು. ಈ ಪಕ್ಷಿಯ ಜಠರದ ಆಮ್ಲವು ಬಹಳ ತೀಕ್ಷ್ಣವಾದದ್ದು. ಕೊಳೆತ ಮಾಂಸದೊಳಗಿನ ಅನೇಕ ರೋಗಾಣುಗಳು ಅಲ್ಲಿಯೇ ನಾಶ ಹೊಂದುವವು. ಹೀಗೆ ಕೂಲಿಯಿಲ್ಲದೆ, ಹೊಗಳಿಕೆಯಿಲ್ಲದೆ, ಬೈಗುಳನ್ನು ಮಾತ್ರ ಪಡೆದು, ಅದು ನಮ್ಮ ಊರುಗಳನ್ನು ಶುಚಿಯಾಗಿಡುತ್ತಿದ್ದಿತು. 1980ರ ಸುಮಾರಿಗೆ ಈ ದೇಶದಲ್ಲಿ ರಣಹದ್ದುಗಳು ಕೋಟಿಗಟ್ಟಲೆ ಇದ್ದವೆಂದು ಅಂದಾಜಿರುವದು.

1990ರ ದಶಕದಲ್ಲಿ ಅವು ಕಾಣೆಯಾಗತೊಡಗಿದವು. ರಾಜಸ್ಥಾನದ ಭರತಪುರದ ಕೇವಲಾದೇವ ಉದ್ಯಾನದಲ್ಲಿ ವಿಭು ಪ್ರಕಾಶರೆಂಬ ಪಕ್ಷಿಶಾಸ್ತ್ರಜ್ಞರು, ಹದ್ದುಗಳು ಕೊಂಬೆಯ ಮೇಲೆ ಕೊರಳನ್ನು ಜೋತುಬಿಟ್ಟು ಕುಳಿತಿರುವದನ್ನೂ ಅವುಗಳ ಗೂಡುಗಳು ಬರಿದಾಗುತ್ತಿರುವದನ್ನೂ ಕಂಡು ಎಚ್ಚರಿಸಿದರು. 1992ರಿಂದ 2007ರೊಳಗಾಗಿ ಬಿಳಿಬೆನ್ನಿನ ರಣಹದ್ದುಗಳು ಸಾವಿರಕ್ಕೆ 999ರಂತೆ ಇಲ್ಲವಾದವು. ಬೇಟೆಗಾರನ ಗುಂಡು ಕಾರಣವಲ್ಲ, ಬರಗಾಲವೂ ಕಾರಣವಲ್ಲ. ಯಾವುದೋ ಸಾಂಕ್ರಾಮಿಕ ರೋಗವಿರಬೇಕೆಂದು ಬಹಳ ದಿನ ಹುಡುಕಿದರು.

2004ರಲ್ಲಿ ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ ನಿಜವು ತಿಳಿದುಬಂದಿತು. ಲಿಂಡ್ಸೆ ಓಕ್ಸ್ ಮತ್ತು ಅವರ ಸಂಗಡಿಗರು ಸತ್ತ ಹದ್ದುಗಳ ಒಡಲನ್ನು ಪರೀಕ್ಷಿಸಿದಾಗ, ಮೂತ್ರಪಿಂಡಗಳು ಕೆಟ್ಟು, ಒಳಗಿನ ಅವಯವಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಹರಳು ಕಟ್ಟಿರುವದು ಕಂಡಿತು. ಅದಕ್ಕೆ ಕಾರಣವು ಡೈಕ್ಲೊಫೆನಾಕ್ ಎಂಬ ನೋವಿನ ಔಷಧವು. ಮನುಷ್ಯರ ಕೀಲುಬೇನೆಗೆ ಕೊಡುತ್ತಿದ್ದ ಈ ಮದ್ದು ಅಗ್ಗವಾದ ಮೇಲೆ ದನಗಳಿಗೂ ಬಳಕೆಗೆ ಬಂದಿತು. ಕುಂಟುವ ಎತ್ತಿಗೆ, ಕೆಚ್ಚಲು ಬಾತ ಆಕಳಿಗೆ, ರೈತನು ಕರುಣೆಯಿಂದ ಚುಚ್ಚುಮದ್ದು ಹಾಕಿಸಿದನು. ಆ ದನವು ಕೆಲವೇ ದಿನಗಳಲ್ಲಿ ಸತ್ತರೆ, ಅದನ್ನು ತಿಂದ ಹದ್ದೂ ಸತ್ತಿತು. ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಇಡೀ ಕುಲವು ಅಳಿಯಲು ಸಾಕೆಂದು ಲೆಕ್ಕದಿಂದ ಸಿದ್ಧವಾಯಿತು. ಯಾಕಂದರೆ ಒಂದೇ ಕಳೇಬರಕ್ಕೆ ಹತ್ತಾರು ಹದ್ದುಗಳು ಎರಗುವವು; ಜೋಡಿಯು ವರ್ಷಕ್ಕೆ ಇಡುವದಾದರೋ ಒಂದೇ ಮೊಟ್ಟೆ.

ಕೇಡು ಅಲ್ಲಿಗೇ ನಿಲ್ಲಲಿಲ್ಲ. ಹದ್ದಿಲ್ಲದ ಬಯಲಿನಲ್ಲಿ ಹೆಣಗಳು ಕೊಳೆತವು. ಬೀದಿನಾಯಿಗಳು ಅವನ್ನು ತಿಂದು ಹೆಚ್ಚಿದವು. ನಾಯಿಗಳೊಡನೆ ಹುಚ್ಚುನಾಯಿರೋಗದ ಭಯವೂ ಹೆಚ್ಚಿತು. ನೀರಿನ ಸೆಲೆಗಳು ಹೊಲಸಾದವು. ಮುಂಬಯಿಯ ಪಾರಸೀ ಬಂಧುಗಳು ತಲೆತಲಾಂತರದಿಂದ ನಡೆಸಿಕೊಂಡು ಬಂದ ಅಂತ್ಯವಿಧಿಗೂ ತೊಡಕಾಯಿತು. ಹದ್ದುಗಳು ಮೊದಲು ಹೆಚ್ಚಾಗಿದ್ದ ಜಿಲ್ಲೆಗಳನ್ನೂ ಕಡಿಮೆಯಿದ್ದ ಜಿಲ್ಲೆಗಳನ್ನೂ ಹೋಲಿಸಿ, ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2000ದಿಂದ 2005ರ ವರೆಗೆ ಈ ಕಾರಣದಿಂದ ಸುಮಾರು 5 ಲಕ್ಷ ಜನರು ಹೆಚ್ಚಾಗಿ ಸತ್ತರು. ಎತ್ತಿನ ಕಾಲುನೋವಿಗೆ ಕೊಟ್ಟ ಮದ್ದು ಎಲ್ಲಿಯ ವರೆಗೆ ಹೋಯಿತು ನೋಡಿರಿ! ಕೊಟ್ಟವನು ನೋಡಿದ್ದು ಎತ್ತು ಎದ್ದು ನಿಂತದ್ದನ್ನು ಮಾತ್ರ.

ಹಾಗಾದರೆ ಆ ರೈತನು ಪಾಪಿಯೇ? ಅಲ್ಲವೆಂದೇ ನನ್ನ ಬಿನ್ನಹ. ಮೂಕಪ್ರಾಣಿಯ ನೋವನ್ನು ಕಂಡು ಸುಮ್ಮನಿರುವದು ಧರ್ಮವಲ್ಲ. ಫಲವು ತಿಳಿಯದೆಂದು ಕೈಕಟ್ಟಿ ಕೂಡುವವನೂ ನಿರ್ದೋಷಿಯಲ್ಲ. ಮಾಡದೆ ಬಿಟ್ಟ ಕೆಲಸಕ್ಕೂ ಒಂದು ಫಲವಿದ್ದೇ ಇರುವದು. ಆದರೆ 2004ಕ್ಕೆ ಮೊದಲಿನ ಮಾತು ಬೇರೆ, ಅನಂತರದ ಮಾತು ಬೇರೆ. ಅರಿವಿಗೆ ಮುಂಚೆ ಆದ ಕೇಡು ದುರ್ದೈವವು; ಅರಿತ ಮೇಲೂ ಮುಂದುವರಿಸಿದ ಕೇಡು ಅಪರಾಧವು. 2006ರಲ್ಲಿ ನಮ್ಮ ಸರಕಾರವು ದನಗಳ ಡೈಕ್ಲೊಫೆನಾಕನ್ನು ನಿಷೇಧಿಸಿತು. ಆಗ ಮನುಷ್ಯರಿಗಾಗಿ ಮಾಡಿದ ದೊಡ್ಡ ಸೀಸೆಗಳನ್ನೇ ಕೊಂಡು ದನಗಳಿಗೆ ಚುಚ್ಚುವ ದಾರಿಯನ್ನು ಕೆಲವರು ಹಿಡಿದರು. ಅದಕ್ಕಾಗಿ 2015ರಲ್ಲಿ ಆ ಸೀಸೆಯ ಅಳತೆಯನ್ನು 3 ಮಿಲಿಲೀಟರಿಗೆ ಇಳಿಸಬೇಕಾಯಿತು. ಈ ಎರಡನೆಯ ಕೇಡನ್ನು ಅನಿರೀಕ್ಷಿತವೆಂದು ಹೇಳಲು ಯಾರಿಗೂ ಬಾಯಿಯಿಲ್ಲ.

ಅದೇ ಕಾಲದಲ್ಲಿ ಮೆಲಾಕ್ಸಿಕಾಮ್ ಎಂಬ ಮದ್ದು ದನಕ್ಕೂ ಹಿತವು, ಹದ್ದಿಗೂ ನಿರಪಾಯವು ಎಂಬುದು ಪರೀಕ್ಷೆಯಿಂದ ಗೊತ್ತಾಯಿತು. ಹೀಗೆ ದಯೆಯನ್ನು ಬಿಡಬೇಕಾಗಲಿಲ್ಲ. ದಯೆಯ ದಾರಿಯನ್ನು ತಿದ್ದಿಕೊಳ್ಳುವದಷ್ಟೇ ಬೇಕಾಗಿದ್ದಿತು. ಹರಿಯಾಣದ ಪಿಂಜೋರಿನಲ್ಲಿ ಹದ್ದುಗಳನ್ನು ಸಾಕಿ ಮರಿಮಾಡಿಸುವ ಕೇಂದ್ರವು ನಡೆದಿರುವದು. ನಮ್ಮ ನಾಡಿನಲ್ಲಿ ರಾಮನಗರದ ಹತ್ತಿರದ ರಾಮದೇವರಬೆಟ್ಟವು 2012ರಲ್ಲಿ ರಣಹದ್ದುಗಳ ವನ್ಯಧಾಮವಾಯಿತು. ಅಲ್ಲಿ ಉಳಿದಿರುವವು ಬೆರಳೆಣಿಕೆಯವು. ಹದಿನೈದು ವರ್ಷಗಳಲ್ಲಿ ಅಳಿದದ್ದು ಅಷ್ಟೇ ವರ್ಷಗಳಲ್ಲಿ ಮರಳಿ ಬರಲಾರದು.

ಮಹನೀಯರೇ, ಇದರಿಂದ ನಾವು ತಿಳಿಯಬೇಕಾದದ್ದು ಎರಡು ಮಾತು. ಮೊದಲನೆಯದು, ನಮ್ಮ ಕೆಲಸವು ಕೈಬಿಟ್ಟೊಡನೆ ಮುಗಿಯುವದಿಲ್ಲ. ಬೀಜ ಬಿತ್ತಿದವನು ಹೊಲಕ್ಕೆ ಮತ್ತೆ ಮತ್ತೆ ಹೋಗಿ ನೋಡುವಂತೆ, ದಾನವಾಗಲಿ, ಚಿಕಿತ್ಸೆಯಾಗಲಿ, ಉಪದೇಶವಾಗಲಿ, ಮಾಡಿದವನು ಅದರ ಬೆನ್ನುಹತ್ತಿ ಹೋಗಿ ನೋಡಬೇಕು. ಕೇಡು ಕಂಡರೆ ಅಭಿಮಾನವನ್ನು ಬದಿಗಿಟ್ಟು ತಿದ್ದಬೇಕು. ಎರಡನೆಯದು, ನಾವು ಹೀನವೆಂದು ಬಗೆದವರ ಕಾಯಕದ ಮೇಲೆ ನಮ್ಮ ಬಾಳು ನಿಂತಿರುವದು. ಹದ್ದು ಇದ್ದಾಗ ಅದರ ಬೆಲೆಯನ್ನು ಅರಿತವರು ಕೆಲವರೇ. ಅದು ಹೋದ ಮೇಲೆ ನಾವು ತೆತ್ತ ಬೆಲೆಯು ಮನುಷ್ಯರ ಪ್ರಾಣವು.

ಇಲ್ಲಿ ಕುಳಿತಿರುವ ಅನೇಕರ ಮನೆಯಲ್ಲಿ ದನಕರುಗಳಿರುವವು. 2023ರಲ್ಲಿ ಕಿಟೊಪ್ರೊಫೆನ್, ಅಸಿಕ್ಲೊಫೆನಾಕ್ ಎಂಬ ಮತ್ತೆರಡು ಮದ್ದುಗಳನ್ನೂ ದನಗಳ ಬಳಕೆಗೆ ನಿಷೇಧಿಸಲಾಗಿದೆ. ಮುಂದೆ ಎತ್ತಿಗೆ ನೋವಾದಾಗ ಅಂಗಡಿಯಿಂದ ಕೈಗೆ ಸಿಕ್ಕ ಸೀಸೆಯನ್ನು ತಾರದೆ, ಪಶುವೈದ್ಯರನ್ನು ಕರೆದು, ಹದ್ದಿಗೆ ಕೇಡಾಗದ ಮದ್ದು ಯಾವದೆಂದು ಒಂದು ಮಾತು ಕೇಳಿರಿ. ಆ ಒಂದು ಮಾತಿನ ಫಲವೂ ನಿಮ್ಮ ಕಣ್ಣಿಗೆ ಕಾಣದಷ್ಟು ದೂರ ಹೋಗುವದು.