ಸಹಿ ಹಾಕಿದವರು, ಹಿಂಜರಿದವರು
(ನಾಗಪುರದ ಜೈನ ಕನ್ನಡ ಕುಟುಂಬಗಳ ಸ್ವಾಧ್ಯಾಯ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



2020ರ ಜುಲೈ ತಿಂಗಳ ಕೊನೆಯಲ್ಲಿ ಇದೇ ನಾಗಪುರದ ಗಿಲ್ಲೂರ್ಕರ್ ಆಸ್ಪತ್ರೆಗೆ ಕೆಲವು ಆರೋಗ್ಯವಂತರು ತಾವಾಗಿಯೇ ಹೋಗಿ ತೋಳು ಚಾಚಿದರು. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಕೋವ್ಯಾಕ್ಸಿನ್ ಎಂಬ ಹೊಸ ಲಸಿಕೆಯ ಮೊದಲ ಹಂತದ ಮಾನವ ಪ್ರಯೋಗ ಅದು. ದೇಶದಾದ್ಯಂತ 18ರಿಂದ 55 ವರ್ಷದೊಳಗಿನ 375 ಜನರ ಮೇಲೆ ಅದು ನಡೆಯಿತು. ಪ್ರಯೋಗಕ್ಕೆ ಆಯ್ಕೆಯಾದ ಕೇಂದ್ರಗಳ ಪಟ್ಟಿಯಲ್ಲಿ ಬೆಳಗಾವಿಯ ಜೀವನ್ ರೇಖಾ ಆಸ್ಪತ್ರೆಯೂ ಇತ್ತು. ಬೆಳಗಾವಿ, ಚಿಕ್ಕೋಡಿ, ಸದಲಗಾ ಕಡೆಯಿಂದ ಬಂದು ವಿದರ್ಭದಲ್ಲಿ ನೆಲೆಸಿದ ಮನೆಗಳಿಗೆ ಎರಡೂ ಊರುಗಳು ಸ್ವಂತವೇ. ಆ ಲಸಿಕೆ ಕೆಲಸ ಮಾಡುವುದೋ ಇಲ್ಲವೋ, ಅಪಾಯವಿದೆಯೋ ಇಲ್ಲವೋ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬ ಮಾತನ್ನೇ ಬರೆದ ಸಮ್ಮತಿ ಪತ್ರವನ್ನು ಓದಿ ಅವರು ಸಹಿ ಹಾಕಿದರು.

ಆರು ತಿಂಗಳ ನಂತರ, 2021ರ ಜನವರಿ 16ರಂದು, ದೇಶದಲ್ಲಿ ಲಸಿಕೆ ನೀಡಿಕೆ ಆರಂಭವಾಯಿತು. ಮೊದಲ ಸಾಲಿನಲ್ಲಿದ್ದವರು ವೈದ್ಯರು ಮತ್ತು ದಾದಿಯರು. ದೆಹಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆಯ ಕಿರಿಯ ವೈದ್ಯರು ತಮಗೆ ಕೋವ್ಯಾಕ್ಸಿನ್ ಬೇಡ, ಕೋವಿಶೀಲ್ಡ್ ಕೊಡಿ ಎಂದು ಪತ್ರ ಬರೆದರು. ಏನೂ ಗೊತ್ತಿಲ್ಲದಾಗ ಸಾಮಾನ್ಯ ಜನ ಮುಂದೆ ಬಂದರು. ಸರ್ಕಾರ ಒಪ್ಪಿಗೆಯ ಮುದ್ರೆ ಒತ್ತಿದ ಮೇಲೆ ಓದಿದವರು ಹಿಂದೆ ಸರಿದರು. ಈ ವಿಪರ್ಯಾಸಕ್ಕೆ ಕಾರಣವನ್ನು ಜನರ ಅಜ್ಞಾನದಲ್ಲಿ ಹುಡುಕುವುದು ಸುಲಭ. ಆದರೆ ಕಡತಗಳನ್ನು ತಿರುವಿ ನೋಡಿದರೆ ಕಾರಣ ಬೇರೆ ಕಡೆ ಸಿಗುತ್ತದೆ.

2020ರ ಜುಲೈ 2ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಪ್ರಯೋಗ ನಡೆಸಬೇಕಾದ ಆಸ್ಪತ್ರೆಗಳಿಗೆ ಪತ್ರ ಬರೆಯಿತು. ಎಲ್ಲ ಪ್ರಯೋಗಗಳನ್ನೂ ಮುಗಿಸಿ ಆಗಸ್ಟ್ 15ರೊಳಗೆ ಲಸಿಕೆಯನ್ನು ಜನರ ಬಳಕೆಗೆ ತರಬೇಕು, ಪಾಲಿಸದಿದ್ದರೆ ಗಂಭೀರವಾಗಿ ಪರಿಗಣಿಸಲಾಗುವುದು ಎಂಬುದು ಅದರ ಸಾರ. ಮೂರು ಹಂತಗಳ ಪ್ರಯೋಗಕ್ಕೆ ಆರು ವಾರ! ಸ್ವಾತಂತ್ರ್ಯ ದಿನಾಚರಣೆಗೂ ಮನುಷ್ಯನ ದೇಹ ರೋಗನಿರೋಧಕ ಶಕ್ತಿಯನ್ನು ಬೆಳೆಸಿಕೊಳ್ಳುವ ಕ್ರಮಕ್ಕೂ ಏನು ಸಂಬಂಧ? ಆ ಗಡುವು ಸುಳ್ಳಾಯಿತು, ಅದು ಬೇರೆ ಮಾತು. ಆದರೆ ರಾಜಕೀಯ ಪಂಚಾಂಗಕ್ಕೆ ವಿಜ್ಞಾನವನ್ನು ಹೊಂದಿಸಲು ಹೊರಟಿದ್ದಾರೆ ಎಂಬ ಸಂಶಯದ ಬೀಜವನ್ನು ಅಂದು ಬಿತ್ತಿದವರು ವಿರೋಧಿಗಳಲ್ಲ, ಆಳುವವರೇ.

2021ರ ಜನವರಿ 3ರಂದು ಎರಡೂ ಲಸಿಕೆಗಳಿಗೆ ತುರ್ತು ಅನುಮತಿ ದೊರೆಯಿತು. ಕೋವ್ಯಾಕ್ಸಿನ್‌ನ ಮೂರನೇ ಹಂತದ ಪ್ರಯೋಗ ಇನ್ನೂ ನಡೆಯುತ್ತಿತ್ತು. ಅದರ ಪರಿಣಾಮದ ಅಂಕಿಅಂಶ ಒಂದೂ ಹೊರಬಂದಿರಲಿಲ್ಲ. ಹೀಗಾಗಿ ಅದನ್ನು 'ಕ್ಲಿನಿಕಲ್ ಟ್ರಯಲ್ ವಿಧಾನ'ದಲ್ಲಿ ಕೊಡಬೇಕೆಂಬ ವಿಚಿತ್ರ ಷರತ್ತು ಬಂದಿತು. ಅಂದರೆ ಪಡೆಯುವವನು ಪ್ರಯೋಗಕ್ಕೆ ಒಳಗಾದವನೂ ಹೌದು, ಫಲಾನುಭವಿಯೂ ಹೌದು. ಆ ದಿನಗಳಲ್ಲೇ ಔಷಧ ನಿಯಂತ್ರಕರು ಈ ಲಸಿಕೆಗಳು ನೂರಕ್ಕೆ 110ರಷ್ಟು ಸುರಕ್ಷಿತ ಎಂದರು. ಲೆಕ್ಕಪತ್ರ ಪರಿಶೋಧಿಸುವ ಯಾರೇ ಆಗಲಿ, ನೂರಕ್ಕೆ ನೂರಹತ್ತು ಎಂದು ಬರೆದ ಪುಟವನ್ನು ಕಂಡ ಕೂಡಲೇ ಹಿಂದಿನ ಪುಟಗಳನ್ನೂ ಮತ್ತೊಮ್ಮೆ ತೆರೆಯುತ್ತಾರೆ. ಜನ ಮಾಡಿದ್ದೂ ಅದನ್ನೇ. ಎರಡು ಕಂಪನಿಗಳ ಮುಖ್ಯಸ್ಥರು ಬಹಿರಂಗವಾಗಿ ವಾಗ್ವಾದಕ್ಕಿಳಿದು, ಎರಡೇ ದಿನಗಳಲ್ಲಿ ಜಂಟಿ ಹೇಳಿಕೆ ಕೊಟ್ಟು ರಾಜಿಯಾದುದೂ ಇದೇ ವಾರದಲ್ಲಿ.

ಮಾರ್ಚ್ 3ರಂದು ಶೇ. 81ರ ಮಧ್ಯಂತರ ಫಲಿತಾಂಶ ಪ್ರಕಟವಾಯಿತು. ಒಂದು ವಾರ ಕಳೆಯುವಷ್ಟರಲ್ಲಿ ಆ ಷರತ್ತೂ ಹೋಯಿತು. ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಬಂತು, 25,798 ಜನರ ಪ್ರಯೋಗದ ಪೂರ್ಣ ವರದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು, ಪರಿಣಾಮ ಶೇ. 77.8 ಎಂದು ತಿಳಿಯಿತು. ಲಸಿಕೆ ಒಳ್ಳೆಯದೇ ಆಗಿತ್ತು. ಒಳ್ಳೆಯ ಸರಕನ್ನು ರಸೀದಿ ಇಲ್ಲದೆ ಮಾರಲು ಹೋದ ಅಂಗಡಿಯವನ ಕಥೆ ಇದು.

ಅಷ್ಟರಲ್ಲಿ ನಾಗಪುರ ಏನನ್ನು ಕಂಡಿತೆಂಬುದನ್ನು ಇಲ್ಲಿ ಕುಳಿತವರಿಗೆ ನೆನಪಿಸಬೇಕಿಲ್ಲ. 2021ರ ಮಾರ್ಚ್ 15ರಿಂದ 21ರವರೆಗೆ ನಗರಕ್ಕೆ ಬೀಗ ಬಿತ್ತು. ಎರಡನೆಯ ಅಲೆ ಮನೆಮನೆಯ ಕದ ತಟ್ಟಿದ ಮೇಲೆ, ಜನವರಿಯಲ್ಲಿ ಬೇಡವೆಂದಿದ್ದವರೇ ಬೆಳಗಿನ ಜಾವದಿಂದ ಸಾಲುಗಟ್ಟಿ ನಿಂತರು. ಆಗ ಲಸಿಕೆಯೇ ಇರಲಿಲ್ಲ. ಮೇ 1ರಂದು 18 ದಾಟಿದವರಿಗೆಲ್ಲ ಬಾಗಿಲು ತೆರೆಯಿತೆಂದು ಘೋಷಿಸಿ, ಎರಡು ವಾರ ಕಳೆಯುವ ಮುನ್ನವೇ ಮಹಾರಾಷ್ಟ್ರ ಸರ್ಕಾರ ಆ ವಯೋಮಾನದವರಿಗೆ ನೀಡುವುದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಹಿಂಜರಿದ ಎರಡು ತಿಂಗಳುಗಳಿಗೆ ಎಷ್ಟೋ ಮನೆಗಳು ತೆತ್ತ ಬೆಲೆ ಯಾವ ಲೆಕ್ಕದಲ್ಲೂ ಬರೆದಿಲ್ಲ.

ಇಂಥ ಸಂಶಯ ಈ ದೇಶಕ್ಕೆ ಹೊಸದಲ್ಲ. 1897ರಲ್ಲಿ ಹಾಫ್ಕಿನ್ ಮುಂಬಯಿಯಲ್ಲಿ ತಾನು ತಯಾರಿಸಿದ ಪ್ಲೇಗ್ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡ. ಮರುವರ್ಷ ಹುಬ್ಬಳ್ಳಿಯಲ್ಲಿ ಪ್ಲೇಗ್ ಹಬ್ಬಿದಾಗ ಸಾವಿರಾರು ಜನ ಅದನ್ನು ಚುಚ್ಚಿಸಿಕೊಂಡರು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಚುಚ್ಚಲಾಯಿತು. ಒಂದೇ ಬಾಟಲಿಯಿಂದ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ದೋಷವೆಲ್ಲ ಹಾಫ್ಕಿನ್ನನ ಪ್ರಯೋಗಾಲಯದ ತಲೆಗೆ ಬಂತು. ಬಾಟಲಿ ತೆರೆಯುವಾಗ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಗೊಳಿಸದೆ ಬಳಸಲಾಗಿತ್ತು ಎಂಬ ಸಂಗತಿ ಬಹಿರಂಗವಾಗಿ ಆತ ದೋಷಮುಕ್ತನಾಗುವಾಗ 1907 ಆಗಿತ್ತು. ಈ ನಡುವಿನ ವರ್ಷಗಳಲ್ಲಿ ಪಂಜಾಬ್ ಪ್ಲೇಗಿನಿಂದ ತತ್ತರಿಸಿತ್ತು. ವಿಚಾರಣೆಯ ಕಾಗದಗಳನ್ನು ಮೊದಲೇ ಎಲ್ಲರ ಮುಂದಿಟ್ಟಿದ್ದರೆ ಎಷ್ಟು ಜನ ಉಳಿಯುತ್ತಿದ್ದರೋ!

ಇನ್ನು ಜೈನ ಸಮಾಜದೊಳಗಿನ ಮಾತು. ಇಲ್ಲಿ ಸಂಶಯಕ್ಕೆ ಇನ್ನೊಂದು ಮುಖವಿತ್ತು. 2021ರ ಜೂನ್‌ನಲ್ಲಿ ಕೋವ್ಯಾಕ್ಸಿನ್‌ನಲ್ಲಿ ಎಳೆಗರುವಿನ ಸೀರಮ್ ಇದೆ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಕೇಂದ್ರ ಆರೋಗ್ಯ ಸಚಿವಾಲಯ ಸ್ಪಷ್ಟನೆ ಕೊಟ್ಟಿತು: ವೈರಾಣುವನ್ನು ಬೆಳೆಸಲು ಬೇಕಾದ ವೆರೋ ಕೋಶಗಳ ಪೋಷಣೆಗೆ ಮಾತ್ರ ಆ ಸೀರಮ್ ಬಳಕೆಯಾಗುತ್ತದೆ, ನಂತರ ಕೋಶಗಳನ್ನು ಪದೇಪದೇ ತೊಳೆಯುತ್ತಾರೆ, ಅಂತಿಮ ಲಸಿಕೆಯಲ್ಲಿ ಅದು ಇರುವುದಿಲ್ಲ, ಪೋಲಿಯೊ, ರೇಬಿಸ್ ಲಸಿಕೆಗಳಲ್ಲೂ ದಶಕಗಳಿಂದ ಇದೇ ಕ್ರಮವಿದೆ.

ಸ್ಪಷ್ಟನೆ ನಿಜವೇ. ಆದರೆ ಶ್ರಾವಕನ ಪ್ರಶ್ನೆ ಅದಾಗಿರಲಿಲ್ಲ. ಸೀಸೆಯೊಳಗೆ ಏನು ಉಳಿದಿದೆ ಎನ್ನುವುದಕ್ಕಿಂತ, ಅದು ತಯಾರಾಗುವ ದಾರಿಯಲ್ಲಿ ಒಂದು ಜೀವಕ್ಕೆ ಏನಾಯಿತು ಎಂದು ಅವನು ಕೇಳಿದ್ದ. ಆ ಪ್ರಶ್ನೆಗೆ ಸಮಾಜದ ಹಿರಿಯರೂ ನೇರವಾಗಿ ಉತ್ತರಿಸಲಿಲ್ಲ. 'ಏನೂ ಇಲ್ಲ, ಹಾಕಿಸಿಕೊಳ್ಳಿ' ಎಂದರು ಕೆಲವರು. 'ಮುಟ್ಟಲೇಬೇಡಿ' ಎಂದರು ಕೆಲವರು. ಮೊದಲನೆಯದು ಅಸತ್ಯ, ಎರಡನೆಯದು ಅವಿವೇಕ. ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಗೃಹಸ್ಥನು ಸಂಕಲ್ಪಿ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಬೇಕು, ಉಳಿದ ಮೂರರಲ್ಲಿ ಯತ್ನಾಚಾರದಿಂದ ನಡೆಯಬೇಕು ಎಂದು ಹೇಳಿದ ಪರಂಪರೆ ಇದು. ಮನೆಯಲ್ಲಿ ಒಲೆ ಹೊತ್ತಿಸುವವನಿಗೂ ಹೊಲ ಉಳುವವನಿಗೂ ಅನ್ವಯಿಸಿದ ಆ ವಿವೇಕವನ್ನು ಲಸಿಕೆಗೆ ಅನ್ವಯಿಸಲು ಏನು ಅಡ್ಡಿಯಿತ್ತು? ಹಿಂಸೆ ಇದೆ, ಅದು ಸಂಕಲ್ಪಿಯಲ್ಲ, ಬೇರೆ ದಾರಿ ಇಂದಿಲ್ಲ, ಪ್ರಾಣಿಜನ್ಯ ಸೀರಮ್ ಬೇಡದ ವಿಧಾನಕ್ಕಾಗಿ ಒತ್ತಾಯಿಸೋಣ ಎಂದು ಯಾವ ಟ್ರಸ್ಟೂ ಠರಾವು ಮಾಡಿದಂತೆ ಕಾಣಲಿಲ್ಲ. ಬದಲಿಗೆ ಮುಖಪಟ್ಟಿ ಧರಿಸಿ, ಕಾಯಿಸಿದ ನೀರು ಕುಡಿದು, ಸೂರ್ಯಾಸ್ತದೊಳಗೆ ಉಣ್ಣುವವರಿಗೆ ಕೊರೊನಾ ಬರುವುದಿಲ್ಲವೆಂಬ ಹೆಮ್ಮೆಯ ಸಂದೇಶಗಳು ಹರಿದಾಡಿದವು. ಕಾಯಿಸಿದ ನೀರು ಕಾಲರಾವನ್ನು ತಡೆದೀತು. ಗಾಳಿಯಲ್ಲಿ ಬರುವ ವೈರಾಣುವಿಗೆ ಅದರ ಹಂಗಿಲ್ಲ.

ಮುನಿಗಳ ಪ್ರಶ್ನೆ ಇನ್ನೂ ಸೂಕ್ಷ್ಮ. ಸದಲಗಾದಲ್ಲಿ ಹುಟ್ಟಿ, ಕನ್ನಡವನ್ನೇ ಮಾತೃಭಾಷೆಯಾಗಿ ಪಡೆದ ಆಚಾರ್ಯ ವಿದ್ಯಾಸಾಗರರು ಚಾತುರ್ಮಾಸ ಮಾಡಿದ ರಾಮಟೇಕ್ ಇಲ್ಲಿಂದ ಸುಮಾರು 50 ಕಿಲೋಮೀಟರ್. ಆ ದಾರಿಯಲ್ಲಿ ವಿಹಾರ ಮಾಡುವ ದಿಗಂಬರ ಮುನಿಗೆ ಪಿಂಛಿ, ಕಮಂಡಲು, ಶಾಸ್ತ್ರ ಬಿಟ್ಟರೆ ಬೇರೇನೂ ಇಲ್ಲ. ಕೋವಿನ್ ಕೇಳಿದ್ದು ಮೊಬೈಲ್ ಸಂಖ್ಯೆ ಮತ್ತು ಗುರುತಿನ ಚೀಟಿ! ಗುರುತಿನ ಚೀಟಿ ಇಲ್ಲದವರಿಗೂ ಲಸಿಕೆ ಕೊಡುವ ಕ್ರಮವನ್ನು ಕೇಂದ್ರ ಸರ್ಕಾರ ರೂಪಿಸಿದ್ದು 2021ರ ಮೇ ತಿಂಗಳಲ್ಲಿ. ಅದರಲ್ಲಿ ಅಲೆಮಾರಿಗಳು, ಕೈದಿಗಳು, ಭಿಕ್ಷುಕರ ಜೊತೆಗೆ ಎಲ್ಲ ಧರ್ಮಗಳ ಸಾಧುಸಂತರನ್ನೂ ಹೆಸರಿಸಲಾಗಿತ್ತು. ದಿನಕ್ಕೊಮ್ಮೆ ನಿಂತು, ಕೈಯಲ್ಲೇ ಆಹಾರ ಸ್ವೀಕರಿಸುವಾಗ ಮಾತ್ರ ಔಷಧ ತೆಗೆದುಕೊಳ್ಳುವವರು ಸೂಜಿಮದ್ದನ್ನು ಹೇಗೆ ಕಾಣಬೇಕು ಎಂಬುದು ಅವರ ಮೂಲಗುಣಗಳಿಗೆ ಸಂಬಂಧಿಸಿದ ವಿಷಯ. ಅದನ್ನು ನಿರ್ಣಯಿಸುವ ಅಧಿಕಾರ ಗೃಹಸ್ಥರಿಗಿಲ್ಲ. ಆದರೆ ಗೃಹಸ್ಥರು ತಮ್ಮ ನಿರ್ಣಯವನ್ನೂ ಅವರ ಮೇಲೆ ಹೊರಿಸಿ, 'ಗುರುಗಳ ಅಪ್ಪಣೆಯಾಗಲಿ' ಎಂದು ಕಾದು ಕುಳಿತದ್ದು ಭಕ್ತಿಯಲ್ಲ. ಮಹಾವ್ರತಿಯ ಬಾಯಿಂದ ಅಣುವ್ರತಿಯ ಮನೆವಾರ್ತೆಯ ತೀರ್ಮಾನವನ್ನು ಹೊರಡಿಸುವುದು ಗುರುವಿಗೇ ಮಾಡುವ ಅವಿನಯ. ಲಸಿಕೆ ಹಾಕಿಸಿಕೊಂಡ ಶ್ರಾವಕನಿಂದ ಸಂಘಕ್ಕೆ ಸೋಂಕು ಹರಡುವ ಸಂಭವ ತಗ್ಗುತ್ತದೆ ಎಂಬ ಸರಳ ವಿಚಾರವೂ ಅಲ್ಲಿ ಮರೆತುಹೋಗಿತ್ತು.

2024ರ ಏಪ್ರಿಲ್‌ನಲ್ಲಿ ಹಳೆಯ ಸಂಶಯಕ್ಕೆ ಮತ್ತೆ ಜೀವ ಬಂತು. ಕೋವಿಶೀಲ್ಡ್‌ನ ಮೂಲ ಕಂಪನಿ ಆಸ್ಟ್ರಾಜೆನೆಕಾ, ತನ್ನ ಲಸಿಕೆಯಿಂದ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಆಗಬಹುದೆಂದು ಬ್ರಿಟನ್ನಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡ ಸುದ್ದಿ ಹಬ್ಬಿತು. 'ಅಂದೇ ಹೇಳಿದ್ದೆವಲ್ಲ' ಎಂದವರು ಅನೇಕರು. ವಾಸ್ತವದಲ್ಲಿ 2021ರ ಮೇ 17ರಂದೇ ಭಾರತದ ಪರಿಶೀಲನಾ ಸಮಿತಿ ಇದನ್ನು ಹೇಳಿತ್ತು: 498 ಗಂಭೀರ ಪ್ರಕರಣಗಳನ್ನು ಪರೀಕ್ಷಿಸಿ, ಕೋವಿಶೀಲ್ಡ್ ಪಡೆದ 26 ಜನರಲ್ಲಿ ಹೆಪ್ಪುಗಟ್ಟುವಿಕೆಯ ಸಂಭವ ಕಂಡಿದೆ, ಹತ್ತು ಲಕ್ಷ ಡೋಸ್‌ಗೆ 0.61 ಎಂದು ತಿಳಿಸಿತ್ತು. ಬ್ರಿಟನ್ನಿನಲ್ಲಿ ಅದು 4, ಜರ್ಮನಿಯಲ್ಲಿ 10 ಎಂಬ ಹೋಲಿಕೆಯನ್ನೂ ಕೊಟ್ಟಿತ್ತು. ಇಷ್ಟು ಪ್ರಾಮಾಣಿಕವಾದ ಹೇಳಿಕೆಯನ್ನು ಊರೂರಿನ ಫಲಕಗಳಲ್ಲಿ ಯಾರೂ ಅಂಟಿಸಲಿಲ್ಲ. ಅಲ್ಲಿದ್ದದ್ದು ಧನ್ಯವಾದದ ಭಿತ್ತಿಚಿತ್ರಗಳು, ಪ್ರಮಾಣಪತ್ರದ ಮೇಲೆ ಪ್ರಧಾನಿಯ ಭಾವಚಿತ್ರ. ಅಪಾಯವನ್ನು ಮೊದಲೇ ಕೇಳಿದ್ದವನಿಗೆ ಮೂರು ವರ್ಷದ ನಂತರದ ಸುದ್ದಿ ಆಘಾತವಾಗುತ್ತಿರಲಿಲ್ಲ.

2022ರ ಮೇ 2ರಂದು ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಯಾರನ್ನೂ ಬಲವಂತವಾಗಿ ಲಸಿಕೆಗೆ ಒಳಪಡಿಸುವಂತಿಲ್ಲವೆಂದಿತು. ಸರ್ಕಾರದ ಲಸಿಕಾ ನೀತಿ ಅತಾರ್ಕಿಕವಲ್ಲವೆಂದೂ ಹೇಳಿತು. ಪೀಠದಲ್ಲಿದ್ದ ಇಬ್ಬರಲ್ಲೊಬ್ಬರು ಅಮರಾವತಿಯಲ್ಲಿ ಹುಟ್ಟಿ ಇದೇ ನಾಗಪುರದ ಹೈಕೋರ್ಟ್ ಪೀಠದಲ್ಲಿ ವಕೀಲಿ ನಡೆಸಿದ ನ್ಯಾಯಮೂರ್ತಿ ಗವಾಯಿ. ಪತ್ರಿಕೆಗಳು ಮೊದಲಿನ ಮಾತನ್ನೇ ದೊಡ್ಡಕ್ಷರದಲ್ಲಿ ಹಾಕಿದವು. ಆದರೆ ತೀರ್ಪಿನಲ್ಲಿ ಇನ್ನೂ ಮುಖ್ಯವಾದ ಭಾಗವಿದೆ: ಪ್ರಯೋಗದ ಅಂಕಿಅಂಶಗಳನ್ನು ಸಾರ್ವಜನಿಕರಿಗೆ ಒದಗಿಸಬೇಕು, ಲಸಿಕೆಯ ನಂತರದ ತೊಂದರೆಗಳನ್ನು ಜನರೂ ವೈದ್ಯರೂ ನೇರವಾಗಿ ದಾಖಲಿಸುವ ವ್ಯವಸ್ಥೆ ಇರಬೇಕು ಎಂಬ ನಿರ್ದೇಶನ.

ಮತ್ತೆ ಈ ಊರಿಗೆ ಬರೋಣ. 2021ರ ಮೇ ತಿಂಗಳಲ್ಲಿ 2ರಿಂದ 18 ವರ್ಷದ 525 ಮಕ್ಕಳ ಮೇಲೆ ಕೋವ್ಯಾಕ್ಸಿನ್ ಪ್ರಯೋಗಕ್ಕೆ ಅನುಮತಿ ದೊರೆತಾಗ, ನಾಗಪುರದ ಮೆಡಿಟ್ರಿನಾ ಸಂಸ್ಥೆಯೂ ಒಂದು ಕೇಂದ್ರವಾಯಿತು. ಎರಡನೆಯ ಅಲೆಯ ಚಿತೆಗಳು ಇನ್ನೂ ಆರಿರಲಿಲ್ಲ. ಅಂಥ ದಿನಗಳಲ್ಲಿ ತಂದೆತಾಯಿಗಳು ಮಕ್ಕಳ ಕೈಹಿಡಿದು ಅಲ್ಲಿಗೆ ಹೋದರು. ಈ ದೇಶದ ನಿಯಮದ ಪ್ರಕಾರ ಇಂಥ ಪ್ರಯೋಗಕ್ಕೆ ಹೆತ್ತವರ ಸಹಿ ಸಾಲದು. ಏಳು ದಾಟಿದ ಮಗುವಿಗೂ ತಿಳಿಯುವ ಮಾತಿನಲ್ಲಿ ವಿವರಿಸಿ, ಅದರ ಒಪ್ಪಿಗೆಯನ್ನು ಕೇಳಬೇಕು. ಹನ್ನೆರಡು ದಾಟಿದರೆ ಮಗು ತಾನೇ ಕಾಗದದ ಮೇಲೆ ಬರೆದುಕೊಡಬೇಕು. ನೋವಾಗುತ್ತದೆಯೇ, ಜ್ವರ ಬರುತ್ತದೆಯೇ, ಬೇಡವೆನಿಸಿದರೆ ನಡುವೆ ಬಿಡಬಹುದೇ ಎಂದು ಕೇಳುವ ಹಕ್ಕು ಆ ಮಗುವಿಗಿತ್ತು. ಉತ್ತರಿಸುವ ಹೊಣೆ ವೈದ್ಯರಿಗಿತ್ತು. 2022ರ ಜನವರಿ 3ರಂದು 15ರಿಂದ 18ರ ಮಕ್ಕಳಿಗೆ ದೇಶದಾದ್ಯಂತ ಲಸಿಕೆ ಆರಂಭವಾದಾಗ ಕೊಟ್ಟದ್ದು ಈ ಮಕ್ಕಳ ತೋಳಿನಲ್ಲಿ ಮೊದಲು ಪರೀಕ್ಷೆಯಾದ ಅದೇ ಕೋವ್ಯಾಕ್ಸಿನ್. ಆ ದಿನ ಸಾಲಿನಲ್ಲಿ ನಿಂತ ಮಕ್ಕಳಿಗೆ ಯಾರೂ ಅಷ್ಟು ವಿವರವಾಗಿ ಏನನ್ನೂ ಹೇಳಲಿಲ್ಲ.