ಬಾಲ ಕತ್ತರಿಸಿದ ಬೈಕು

ಇವತ್ತು ರಾಜಕೀಯ ಇಲ್ಲ. ಇವತ್ತು ಮಾತಾಡೋದು ಬೈಕಿನ ಹಿಂಭಾಗದ ಬಗ್ಗೆ. ನಗಬೇಡಿ. ಪೂರ್ತಿ ಕೇಳಿ, ಆಮೇಲೆ ನಗೋದಾದ್ರೆ ನಗಿ.

ಕಬ್ಬಿನ ಹಂಗಾಮಿನ ವರದಿಗೆ ಅಂತ ಅಥಣಿ ತಾಲ್ಲೂಕಿನ ಅನಂತಪುರಕ್ಕೆ ಹೋಗಿದ್ದೆ. ಅದು ಹೋಬಳಿ ಊರು. ಮಹಾರಾಷ್ಟ್ರದ ಗಡಿ ಕೈಗೆ ಸಿಗೋ ಹಾಗಿದೆ. ಚಿಕ್ಕೋಡಿಯ ಕೆಎ-23 ಎಷ್ಟು ಕಾಣುತ್ತೋ, ಸಾಂಗ್ಲಿಯ ಎಂಎಚ್-10 ಕೂಡ ಅಲ್ಲಿ ಅಷ್ಟೇ ಸಹಜ. ಚಹಾದಂಗಡಿ ಮುಂದೆ ಕ್ಯಾಮೆರಾ ಇಳಿಸ್ತಾ ಇದ್ದಾಗ ಒಬ್ಬ ಹುಡುಗ ಬಂದು ಗಾಡಿ ನಿಲ್ಲಿಸಿದ. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ಗಾಡಿ ಹಿಂದೆ ಮಡ್‌ಗಾರ್ಡ್ ಇಲ್ಲ. ಸೀಟು ಮುಗಿದಲ್ಲಿ ಗಾಡಿಯೂ ಮುಗೀತು. ಸೀಟಿನ ಅಡಿಯಲ್ಲಿ ಒಂದು ಕರಿ ತಗಡಿನ ಬ್ರಾಕೆಟ್, ಅದಕ್ಕೆ ಆಕಾಶ ನೋಡ್ತಾ ಮಲಗಿದ ನಂಬರ್ ಪ್ಲೇಟ್. ಎರಡೂ ಬದಿಗೆ ಕಡ್ಡಿಪೆಟ್ಟಿಗೆಗಿಂತ ಚಿಕ್ಕ ಇಂಡಿಕೇಟರ್. ‘ಟೇಲ್ ಟೈಡಿ’ ಅಂತಾರೆ ಇದಕ್ಕೆ.

“ಛಂದ ಐತಿಲ್ರೀ ಸರ್? ಮಿರಜಿನ್ಯಾಗ ಹಾಕಿಸೇನ್ರೀ. ಕಂಪನಿ ಮಡಗಾರ್ಡ ಎತ್ತಿನ ಬಾಲದಂಗ ಜೋತಾಡತಿತ್ತು” ಅಂದ.

ಸುಳ್ಳು ಯಾಕೆ ಹೇಳಲಿ, ಚೆಂದವೇ ಇತ್ತು. ಕಂಪನಿಯವರು ಲಕ್ಷಗಟ್ಟಲೆ ದುಡ್ಡು ತಗೊಂಡು, ಮುಂದೆ ಚಿರತೆ ಹಾಗೆ ಗಾಡಿ ಮಾಡಿ, ಹಿಂದೆ ಮೊಣಕಾಲುದ್ದದ ಪ್ಲಾಸ್ಟಿಕ್ ನೇತು ಹಾಕ್ತಾರೆ. ಯಾವ ಹುಡುಗನಿಗೂ ಅದು ಹಿಡಿಸಲ್ಲ. ನನಗೂ ಹಿಡಿಸಿರಲಿಲ್ಲ. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ನಾನೂ ಹ್ಯಾಕ್ಸಾ ಬ್ಲೇಡ್ ಹಿಡಿದು ನನ್ನ ಗಾಡಿಯ ಬಾಲ ಕತ್ತರಿಸಿದವನೇ. ಆ ಕಥೆಗೆ ಆಮೇಲೆ ಬರ್ತೀನಿ.

ಮೊದಲು ಆ ಬ್ರಾಕೆಟ್. ಚಕ್ರಕ್ಕೂ ಪ್ಲೇಟಿಗೂ ನಡುವೆ ನಾಲ್ಕು ಬೆರಳಿನ ಜಾಗ ಇತ್ತು. ಒಬ್ಬನೇ ಕೂತಾಗ ಸರಿ. ಹಿಂದೆ ಇನ್ನೊಬ್ಬ ಕೂತು, ರೋಡ್ ಹಂಪ್ ಮೇಲೆ ಹಾರಿದರೆ ಚಕ್ರ ನಾಲ್ಕೈದು ಇಂಚು ಮೇಲೆ ಬರುತ್ತೆ. ಪ್ಲೇಟಿನ ಅಂಚಿನಲ್ಲಿ ಟೈರ್ ಉಜ್ಜಿದ ಗುರುತು ಇದ್ದೇ ಇತ್ತು. ಅಷ್ಟೇ ಅಲ್ಲ, ಒಂದೇ ತುದಿಯಲ್ಲಿ ಹಿಡಿದ ತಗಡು ದಿನವಿಡೀ ನಡುಗಿದರೆ ಬೋಲ್ಟಿನ ತೂತಿನ ಹತ್ತಿರವೇ ಬಿರುಕು ಬಿಡುತ್ತೆ. ಇಂಡಿಕೇಟರ್ ಪಟಪಟ ಅಂತ ವೇಗವಾಗಿ ಮಿಟುಕ್ತಾ ಇತ್ತು. ಹಳೇ ಬಲ್ಬಿನ ಜಾಗಕ್ಕೆ ಎಲ್‌ಇಡಿ ಹಾಕಿದಾಗ ಕರೆಂಟ್ ಕಡಿಮೆ ಹರಿಯುತ್ತೆ, ಬಲ್ಬ್ ಸುಟ್ಟಿದೆ ಅಂತ ರಿಲೇ ತಿಳ್ಕೊಳ್ಳುತ್ತೆ. ಹುಡುಗ ಅದನ್ನೇ ಸ್ಟೈಲು ಅಂದ್ಕೊಂಡಿದ್ದ.

ಇವೆಲ್ಲ ಸಣ್ಣವು. ದೊಡ್ಡದು ಆ ಮಲಗಿರೋ ಪ್ಲೇಟು.

ಬೈಕಿನ ಹಿಂದಿನ ನಂಬರಿನ ಅಕ್ಷರ 35 ಮಿಲಿಮೀಟರ್, ಅಂಕಿ 40 ಮಿಲಿಮೀಟರ್ ಎತ್ತರ ಇರಬೇಕು ಅನ್ನುತ್ತೆ 1989ರ ಕೇಂದ್ರ ಮೋಟಾರು ವಾಹನ ನಿಯಮ. ರಾತ್ರಿ 15 ಮೀಟರ್ ದೂರದಿಂದ ಓದೋಕೆ ಆಗುವ ಹಾಗೆ ಅದರ ಮೇಲೆ ಬಿಳಿ ಬೆಳಕು ಬೀಳಬೇಕು. ಈಗ ಪ್ಲೇಟನ್ನು 60 ಡಿಗ್ರಿ ಮಲಗಿಸಿ. ಹಿಂದಿನಿಂದ ನೋಡೋರ ಕಣ್ಣಿಗೆ 40 ಮಿಲಿಮೀಟರಿನ ಅಂಕಿ 20ಕ್ಕೆ ಇಳಿಯುತ್ತೆ. ಪಿಯುಸಿಯ ತ್ರಿಕೋನಮಿತಿ ಇದು, ಮೇಷ್ಟ್ರು ಸುಮ್ನೆ ಕಲಿಸಿರಲಿಲ್ಲ. ಎಚ್‌ಎಸ್‌ಆರ್‌ಪಿ ಪ್ಲೇಟಿನ ಹಾಳೆ ಬಿದ್ದ ಬೆಳಕನ್ನು ಬಂದ ಕಡೆಗೇ ವಾಪಸ್ ಕಳಿಸುತ್ತೆ. ಆದರೆ ಬೆಳಕಿಗೆ ಮುಖ ಕೊಟ್ಟು ನಿಂತಿದ್ದರೆ ಮಾತ್ರ. 2023ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯ ಹಳೇ ಗಾಡಿಗಳಿಗೂ ಈ ಪ್ಲೇಟು ಕಡ್ಡಾಯ ಮಾಡಿ, ನವೆಂಬರ್ 17 ಕೊನೇ ದಿನ ಅಂತು. ಆ ಕೊನೇ ದಿನ ಎಷ್ಟು ಸಲ ಮುಂದಕ್ಕೆ ಹೋಯ್ತು ಅನ್ನೋದು ನಿಮಗೇ ಗೊತ್ತು. ಪ್ಲೇಟ್ ಬಂತು. ಅದನ್ನ ಕೂರಿಸೋ ಸ್ನ್ಯಾಪ್ ಲಾಕ್ ಒಂದು ಸಲಕ್ಕೆ ಮಾತ್ರ, ಬಿಚ್ಚಿದ್ರೆ ಮುರಿಯುತ್ತೆ. ಟೇಲ್ ಟೈಡಿ ಹಾಕೋರು ಮುರೀತಾರೆ, ಸಾದಾ ನಟ್ಟು ಬೋಲ್ಟು ಬಿಗೀತಾರೆ. ಕಳ್ಳನಿಗೆ ಬೇಕಾಗಿದ್ದೂ ಅದೇ.

“ಪೊಲೀಸ್ರು ಹಿಡೀತಾರ ಅಂತ ಹೆದರಸ್ತೀರೇನ್ರೀ?” ಅಂದ ಹುಡುಗ. ಇಲ್ಲಪ್ಪ ಅಂದೆ. ಗಾಡಿ ರೂಪ ಬದಲಿಸಿದರೆ ಒಂದೊಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಂತ ಕಾಯ್ದೆಯಲ್ಲಿ ಇದೆ, ನಿಜ. ಆದರೆ ದಂಡದ ಲೆಕ್ಕ ಬಿಡು, ಇನ್ನೊಂದು ಲೆಕ್ಕ ಕೇಳು ಅಂದೆ. ನಿಮಗೂ ಅದನ್ನೇ ಹೇಳ್ತೀನಿ.

ರಾತ್ರಿ ಎಂಟು ಗಂಟೆ. ಹೊಲದಿಂದ ನಡ್ಕೊಂಡು ಬರ್ತಿರೋ ಒಬ್ಬ ರೈತನಿಗೆ ಬೈಕು ಗುದ್ದಿ ನಿಲ್ಲದೆ ಹೋಯ್ತು ಅಂತಿಟ್ಕೊಳ್ಳಿ. ನಂಬರ್ ಯಾರಿಗಾದ್ರೂ ಕಂಡಿದ್ರೆ ಗಾಡಿ ಸಿಗುತ್ತೆ, ಅದರ ಥರ್ಡ್ ಪಾರ್ಟಿ ವಿಮೆ ಸಿಗುತ್ತೆ. ಅಪಘಾತ ಪರಿಹಾರ ನ್ಯಾಯಮಂಡಳಿ ಸತ್ತವನ ವಯಸ್ಸು, ದುಡಿಮೆ, ಅವನನ್ನ ನಂಬಿದ ಮನೆಮಂದಿ ಎಲ್ಲ ನೋಡಿ ಪರಿಹಾರ ಕೊಡಿಸುತ್ತೆ. ಸಾವಿನ ಪ್ರಕರಣದಲ್ಲಿ ಆ ವಿಮೆಗೆ ಇಂತಿಷ್ಟೇ ಅನ್ನೋ ಮಿತಿ ಇಲ್ಲ. ನಂಬರ್ ಕಾಣಲಿಲ್ಲ, ಗಾಡಿ ಪತ್ತೆಯಾಗಲಿಲ್ಲ ಅಂದ್ರೆ? ಆಗ ಅದು ‘ಹಿಟ್ ಅಂಡ್ ರನ್’. ಸತ್ತರೆ 2 ಲಕ್ಷ, ತೀವ್ರ ಗಾಯವಾದರೆ 50,000. 2022ರ ಏಪ್ರಿಲ್ 1ರಿಂದ ಇಷ್ಟು. ಅದಕ್ಕೂ ಮೊದಲು ಸಾವಿಗೆ ಬರೀ 25,000 ಇತ್ತು, ಒಂದು ಎಮ್ಮೆ ಬೆಲೆಯೂ ಅಲ್ಲ. ಇಪ್ಪತ್ತೈದು ವರ್ಷ ದುಡೀಬೇಕಾಗಿದ್ದ ಮನುಷ್ಯನ ಮನೆಗೆ 2 ಲಕ್ಷ ಸಿಗೋದೋ, ನ್ಯಾಯವಾದ ಪರಿಹಾರ ಸಿಗೋದೋ ಅನ್ನೋದು ಆ 40 ಮಿಲಿಮೀಟರಿನ ನಾಲ್ಕು ಅಂಕಿ ಮೇಲೆ ನಿಂತಿದೆ. ಅದನ್ನ ನೀನು ಸೀಟಿನ ಅಡಿ ಮಲಗಿಸಿದ್ದೀಯ.

“ನಾ ಗುದ್ದಿ ಓಡೋ ಮನಶ್ಯಾ ಅಲ್ರೀ” ಅಂದ. ನಂಬ್ತೀನಿ. ಆದರೆ ಗಾಡಿ ನಾಳೆ ಕಳುವಾದರೆ ಓಡಿಸೋನು ನೀನಲ್ಲವಲ್ಲ.

ಈಗ ನನ್ನ ಕಥೆ. ನಾನು ಬಾಲ ಕತ್ತರಿಸಿದಾಗ ಜೊತೆಗೆ ಎಡಗಡೆಯ ಸೀರೆ ಗಾರ್ಡನ್ನೂ ಬಿಚ್ಚಿ ಎಸೆದಿದ್ದೆ. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಗದ ಹಾಗೆ ಅರ್ಧ ಚಕ್ರವಾದರೂ ಮುಚ್ಚಿರಬೇಕು, ಹಿಡಿಕೆ ಇರಬೇಕು, ಕಾಲಿಡೋ ಜಾಗ ಇರಬೇಕು ಅಂತ ಅದೇ ನಿಯಮಗಳಲ್ಲಿ 123ನೇದು ಹೇಳುತ್ತೆ. ನಮ್ಮ ಹೆಂಗಸರು ಒಂದೇ ಬದಿಗೆ ಕಾಲು ಹಾಕಿ ಸೀರೆಯಲ್ಲಿ ಕೂತ್ಕೊಳ್ತಾರೆ ಅನ್ನೋದು ಗೊತ್ತಿದ್ದು ಬರೆದ ನಿಯಮ ಅದು. ನನಗೆ ಆಗ ನಿಯಮ ಗೊತ್ತಿರಲಿಲ್ಲ. ದಸರಾ ರಜೆಗೆ ಊರಿಗೆ ಹೋದಾಗ ಅವ್ವನನ್ನ ಕೂರಿಸ್ಕೊಂಡು ಸಂತೆಗೆ ಹೊರಟೆ. ಒಂದು ಕಿಲೋಮೀಟರ್ ಕೂಡ ಹೋಗಿರಲಿಲ್ಲ. ಅವ್ವ ಕೂಗಲೂ ಇಲ್ಲ, ‘ತಮ್ಮಾ’ ಅಂದಳು ಅಷ್ಟೇ. ಸೆರಗು ಚೈನಿಗೆ ಸುತ್ತಿಕೊಂಡಿತ್ತು. ಹಳೇ ನೂಲಿನ ಸೀರೆ, ಹರಿದು ಹೋಯ್ತು, ಅದಕ್ಕೇ ಉಳಿದಳು. ಮೊಣಕೈ ಮುರಿದಿತ್ತು. ಇವತ್ತಿಗೂ ಅವಳ ಎಡಗೈ ಪೂರ್ತಿ ಚಾಚಲು ಬರಲ್ಲ. ಮನೆಗೆ ಬಂದವರಿಗೆಲ್ಲ ಬಚ್ಚಲಲ್ಲಿ ಜಾರಿ ಬಿದ್ದೆ ಅಂತಲೇ ಹೇಳ್ತಾ ಬಂದಳು.

ಹುಡುಗನಿಗೆ ಇದನ್ನ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ರಸ್ತೆ ಕಡೆ ಕೈ ತೋರಿಸಿದ. ಒಂದು ಟ್ರ್ಯಾಕ್ಟರ್ ಎರಡು ಟ್ರೇಲರ್ ಕಬ್ಬು ಎಳ್ಕೊಂಡು ಫ್ಯಾಕ್ಟರಿ ಕಡೆ ಹೋಗ್ತಾ ಇತ್ತು. ಕತ್ತಲಾಗ್ತಾ ಬಂದಿತ್ತು. “ಹಿಂದ ಲೈಟ್ ಐತೇನ್ರೀ? ರಿಫ್ಲೆಕ್ಟರ್ ಐತೇನ್ರೀ? ನಂಬರ್ ಐತೇನ್ರೀ? ಅದಕ್ಕ ಯಾರೂ ಕೇಳಂಗಿಲ್ಲ. ನಂದs ಕಾಣತೈತಿ ನಿಮಗ.”

ಉತ್ತರ ಇರಲಿಲ್ಲ ನನ್ನ ಹತ್ತಿರ. ಕಬ್ಬು ಜೋತುಬಿದ್ದು ಟ್ರೇಲರಿನ ಹಿಂಭಾಗವೇ ಮುಚ್ಚಿ ಹೋಗಿತ್ತು. ಹಿಂದಿನಿಂದ ಬರೋ ಬೈಕಿನವನಿಗೆ ಅದು ಕತ್ತಲೆಯ ಇನ್ನೊಂದು ತುಂಡು ಅಷ್ಟೇ. ಅವನು ಹೇಳಿದ್ದು ಸರಿ. ಆದರೆ ಅದೇ ರಸ್ತೆಯಲ್ಲಿ, ಕೆಂಪು ರಿಫ್ಲೆಕ್ಟರ್ ಕಿತ್ತು ಹಾಕಿದ ಅವನ ಗಾಡಿಯೂ ಓಡುತ್ತೆ. ಅವನ ಹಿಂದೆಯೂ ಯಾರೋ ಬರ್ತಾರೆ.

ಬಾಲ ಬೇಡವೇ ಬೇಡ ಅಂದ್ರೆ ಪ್ಲೇಟು ನೆಟ್ಟಗೆ ನಿಲ್ಲೋ ಬ್ರಾಕೆಟ್ ಇರಲಿ, ಮೇಲೊಂದು ಬಿಳಿ ದೀಪ, ಕೆಳಗೊಂದು ಕೆಂಪು ರಿಫ್ಲೆಕ್ಟರ್, ಚಕ್ರಕ್ಕೊಂದು ಹಗ್ಗರ್, ಸೀರೆ ಗಾರ್ಡ್ ಇದ್ದ ಜಾಗದಲ್ಲೇ ಇರಲಿ ಅಂದೆ. ಅದೂ ಕಾಯ್ದೆಯ ಕಣ್ಣಿಗೆ ಬದಲಾವಣೆಯೇ. ಕೇಳಿದ್ರೆ ಕಂಪನಿ ಕೊಟ್ಟಿದ್ದನ್ನೇ ಹಾಕು ಅಂತೀನಿ.

“ಹಳೇದು ಎಲ್ಲಿದೆ?” ಅಂತ ಕೇಳಿದೆ.

“ಅಟ್ಟದ ಮ್ಯಾಲ ಐತ್ರೀ. ಅಪ್ಪ ಒಗೀಬ್ಯಾಡ ಅಂದಿದ್ದ.”

ಹತ್ತರ ಪಾನಾ ಒಂದಿದ್ರೆ ಅರ್ಧ ಗಂಟೆ ಕೆಲಸ. ಹಾಕ್ತೀನಿ ಅಂದ. ಒಂದು ಷರತ್ತಿನ ಮೇಲೆ. ಟ್ರ್ಯಾಕ್ಟರ್ ವಿಷಯ ಟೀವಿಯಲ್ಲಿ ಹೇಳ್ಬೇಕು ಅಂತ. ಮಾತು ಕೊಟ್ಟು ಬಂದಿದ್ದೀನಿ. ಲೈಟಿಲ್ಲದ ಕಬ್ಬಿನ ಟ್ರೇಲರ್‌ಗಳನ್ನ ರಸ್ತೆಗೆ ಬಿಡ್ತಿರೋದು ಯಾರು ಅನ್ನೋದನ್ನ ನಾಳೆ ಇದೇ ಹೊತ್ತಿಗೆ ಕೇಳ್ತೀನಿ.